ಆರೋಪಿ ಸತ್ತ ಸುದ್ದಿಗೆ ಕೈಮುಗಿದೆ, ನನ್ನದು ತಪ್ಪೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವನ್ನು ಹೊತ್ತೊಯ್ದು ಕೊಂದ ಸುದ್ದಿ ಬಂದಾಗ ನನಗೆ ಅನ್ನ ಸೇರಲಿಲ್ಲ. ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತನೆಂದು ಟಿ.ವಿ.ಯಲ್ಲಿ ಬಂತು. ದೇವರ ಮುಂದೆ ನಿಂತು ಕೈಮುಗಿದೆ, ಸಂತೋಷಕ್ಕೆ ಅತ್ತೆ. ಗುಂಡು ಹಾರಿಸಿದ ಮಹಿಳಾ ಪಿಎಸ್‌ಐ ಅವರ ಚಿತ್ರದ ಜೊತೆಗೆ ಆ ಮಗುವಿನ ಫೋಟೊವನ್ನೂ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ಧಾರವಾಡದಲ್ಲಿ ಕಾನೂನು ಓದುತ್ತಿರುವ ಮಗಳು ಅದನ್ನು ನೋಡಿ ಫೋನ್ ಮಾಡಿ, ‘ಅಮ್ಮಾ, ನೀನು ಒಂದು ಕೊಲೆಯನ್ನು ಸಂಭ್ರಮಿಸುತ್ತಿದ್ದೀಯ’ ಎಂದಳು. ಅಂದಿನಿಂದ ನಮ್ಮಿಬ್ಬರ ನಡುವೆ ಮೊದಲಿನ ಮಾತುಕತೆ ಇಲ್ಲ. ಕೋರ್ಟಿಗೆ ಹೋಗಿದ್ದರೆ ಹತ್ತು ವರ್ಷ ಎಳೆಯುತ್ತಿತ್ತು, ಅವನು ಜಾಮೀನು ಪಡೆದು ಇನ್ನೊಂದು ಊರು ಸೇರುತ್ತಿದ್ದ ಎಂಬುದು ನನ್ನ ವಾದ. ಹೊರರಾಜ್ಯದಿಂದ ಬಂದವರಿಂದಲೇ ಹೀಗಾಗುತ್ತಿದೆ ಎಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲೂ ಎಲ್ಲರೂ ಹೇಳುತ್ತಾರೆ. ಆ ತಾಯಿಗೆ ಅಂದೇ ನ್ಯಾಯ ಸಿಕ್ಕಿತು ಎಂದು ನಂಬಿದ್ದೇನೆ. ಆದರೂ ರಾತ್ರಿ ಮಗಳ ಮಾತು ಕಾಡುತ್ತದೆ. ಒಂದು ಸಾವಿಗೆ ಸಂತೋಷಪಟ್ಟ ನಾನು ಕೆಟ್ಟವಳೇ ಮೇಡಂ? ನನ್ನ ತರಗತಿಯ ಹೆಣ್ಣುಮಕ್ಕಳು ‘ಹಾಗೇ ಮಾಡಬೇಕಲ್ಲವೇ ಟೀಚರ್’ ಎಂದು ಕೇಳಿದರೆ ಏನು ಹೇಳಲಿ? (ಹೆಸರು, ಊರು ಬೇಡ)

ಉತ್ತರ: ನೀವು ಕೆಟ್ಟವರಲ್ಲ. ಸಮಾಧಾನ ಮಾಡಲೆಂದು ಈ ಮಾತು ಹೇಳುತ್ತಿಲ್ಲ. ಮಕ್ಕಳ ಮೇಲಿನ ಅಪರಾಧಗಳ ಪ್ರಕರಣಗಳಲ್ಲಿ ನೊಂದ ಕುಟುಂಬದ ಪರವಾಗಿಯೂ ನಿಂತಿದ್ದೇನೆ, ಕಾನೂನು ಸೇವಾ ಪ್ರಾಧಿಕಾರ ನೇಮಿಸಿದ ವಕೀಲಳಾಗಿ ಆರೋಪಿಯ ಪರವಾಗಿಯೂ ನಿಂತಿದ್ದೇನೆ. ಮಗುವೊಂದರ ಮರಣೋತ್ತರ ಪರೀಕ್ಷೆಯ ವರದಿಯನ್ನು ಓದಿ ಮುಗಿಸಿದ ಮೇಲೆ ಯಾರ ಮನಸ್ಸಿನಲ್ಲೂ ಕಾನೂನಿನ ಕಲಂ ಮೊದಲು ಬರುವುದಿಲ್ಲ. ಬರುವುದು ಕೋಪ. ಆ ಕೋಪಕ್ಕೆ ಎಲ್ಲಿಯಾದರೂ ಕೊನೆ ಸಿಕ್ಕರೆ ಸಾಕೆಂದು ಮನಸ್ಸು ಒದ್ದಾಡುತ್ತದೆ. ನೀವು ಇಡೀ ದಿನ ಟಿ.ವಿ. ಮುಂದೆ ಕುಳಿತು ಆ ಒದ್ದಾಟವನ್ನು ಅನುಭವಿಸಿದಿರಿ. ಗುಂಡಿನ ಸುದ್ದಿ ಬಂದಾಗ ಅದು ನಿಂತಿತು. ನೀವು ಅತ್ತದ್ದು ಒಬ್ಬ ಮನುಷ್ಯನ ಸಾವಿನ ಸಂತೋಷಕ್ಕಿಂತ ಹೆಚ್ಚಾಗಿ ಆ ಬಿಡುಗಡೆಗೆ ಎಂಬುದು ನನ್ನ ಅನಿಸಿಕೆ. ಮನಸ್ಸಿಗೆ ಬಂದದ್ದಕ್ಕೆ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಆದರೆ ಪತ್ರದಲ್ಲಿ ಇನ್ನೊಂದು ಮಾತಿದೆ: ಆ ತಾಯಿಗೆ ನ್ಯಾಯ ಸಿಕ್ಕಿತು. ಇದು ಭಾವನೆಯಲ್ಲ, ತೀರ್ಮಾನ. ತೀರ್ಮಾನವನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು.

ಮೊದಲು ಹುಬ್ಬಳ್ಳಿಯ ವಿಷಯ. ಬಂಧಿತನನ್ನು ಅವನ ವಾಸಸ್ಥಳದ ಪರಿಶೀಲನೆಗೆ ಕರೆದೊಯ್ದಾಗ ಅವನು ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿ ಓಡಲೆತ್ನಿಸಿದ, ಆಗ ಗುಂಡು ಹಾರಿಸಬೇಕಾಯಿತು ಎಂದು ಪೊಲೀಸರು ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ಅಲ್ಲಿ ನಡೆದದ್ದು ಸರಿಯೋ ತಪ್ಪೋ ಎಂದು ನಾನು ಇಲ್ಲಿ ಕುಳಿತು ಹೇಳುವುದಿಲ್ಲ. ಜೀವಕ್ಕೆ ಅಪಾಯ ಬಂದಾಗ ಗುಂಡು ಹಾರಿಸುವ ಹಕ್ಕು ಪೊಲೀಸರಿಗೆ ಖಂಡಿತ ಇದೆ. ಅದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿ ನಿಮಗೂ ನನಗೂ ಕೊಟ್ಟಿರುವ ಅದೇ ಆತ್ಮರಕ್ಷಣೆಯ ಹಕ್ಕು. ಬಳಸಿದವರು ಅಪಾಯ ನಿಜವಾಗಿತ್ತೆಂದು ತೋರಿಸಬೇಕು. ಇದಕ್ಕಾಗಿಯೇ ಸುಪ್ರೀಂ ಕೋರ್ಟ್ 2014ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ 16 ಸೂಚನೆಗಳನ್ನು ಕೊಟ್ಟಿತು. ಎನ್‌ಕೌಂಟರ್‌ನಲ್ಲಿ ಸಾವು ಸಂಭವಿಸಿದರೆ ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆಯೂ ನಡೆಯಬೇಕು. ಶೌರ್ಯ ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತಾಗುವವರೆಗೆ ಸಂಬಂಧಪಟ್ಟ ಸಿಬ್ಬಂದಿಗೆ ಸರದಿ ಮೀರಿದ ಬಡ್ತಿ, ತಕ್ಷಣದ ಶೌರ್ಯ ಪುರಸ್ಕಾರ ಸಲ್ಲದು ಎಂಬುದೂ ಆ ಸೂಚನೆಗಳಲ್ಲಿ ಒಂದು. ಗುಂಡು ಹಾರಿದ ದಿನವೇ ಹೂಮಾಲೆ ಹಾಕುವ ಆತುರ ನ್ಯಾಯಾಲಯಕ್ಕೆ ಚೆನ್ನಾಗಿ ಗೊತ್ತಿತ್ತು.

ಆತುರದ ಹೂಮಾಲೆ ಎಂದಾಗ ಹೈದರಾಬಾದ್ ನೆನಪಾಗಲೇಬೇಕು. 2019ರ ನವೆಂಬರ್ 27ರ ರಾತ್ರಿ ಶಂಷಾಬಾದ್ ಬಳಿಯ ಟೋಲ್ ಪ್ಲಾಜಾದ ಹತ್ತಿರ ಒಬ್ಬ ಯುವ ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಲ್ಲಲಾಯಿತು. ಮರುದಿನ ಬೆಳಿಗ್ಗೆ ಚಟಾನ್‌ಪಲ್ಲಿಯ ಕೆಳಸೇತುವೆಯ ಬಳಿ ಸುಟ್ಟ ದೇಹ ಸಿಕ್ಕಿತು. ನಾಲ್ವರನ್ನು ಬಂಧಿಸಲಾಯಿತು. ಡಿಸೆಂಬರ್ 6ರ ನಸುಕಿನಲ್ಲಿ ಸ್ಥಳ ಪರಿಶೀಲನೆಗೆ ಅದೇ ಜಾಗಕ್ಕೆ ಕರೆದೊಯ್ದಾಗ ಅವರು ಪಿಸ್ತೂಲು ಕಿತ್ತುಕೊಂಡು ದಾಳಿ ಮಾಡಿದರೆಂದೂ ನಾಲ್ವರೂ ಗುಂಡಿಗೆ ಬಲಿಯಾದರೆಂದೂ ಪೊಲೀಸರು ಹೇಳಿದರು. ಜನ ಪೊಲೀಸರನ್ನು ಹೆಗಲ ಮೇಲೆ ಹೊತ್ತರು, ಹೂವಿನ ಪಕಳೆ ಸುರಿದರು, ಸಿಹಿ ಹಂಚಿದರು. ಆಗ ಸೈಬರಾಬಾದ್ ಪೊಲೀಸ್ ಆಯುಕ್ತರಾಗಿದ್ದ ವಿ.ಸಿ. ಸಜ್ಜನರ ಅವರು ಹುಬ್ಬಳ್ಳಿಯವರು ಎಂಬ ಕಾರಣಕ್ಕೆ ನಮ್ಮ ಭಾಗದಲ್ಲಿ ಆ ಸಂಭ್ರಮ ಇನ್ನೂ ಹೆಚ್ಚಾಗಿತ್ತು.

ಮುಂದೆ ನಡೆದದ್ದನ್ನು ಅಷ್ಟೇ ಜನ ಓದಲಿಲ್ಲ. ಸುಪ್ರೀಂ ಕೋರ್ಟ್ ತನ್ನ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್‌ಕರ್ ಅವರ ನೇತೃತ್ವದಲ್ಲಿ ಮೂವರ ಆಯೋಗವನ್ನು ನೇಮಿಸಿತು. ಸಿಬಿಐ ನಿರ್ದೇಶಕರಾಗಿದ್ದ ಡಿ.ಆರ್. ಕಾರ್ತಿಕೇಯನ್ ಅದರಲ್ಲಿ ಇದ್ದರು. ಅವರು ಪೊಲೀಸ್ ದ್ವೇಷಿಗಳೆಂದು ಯಾರೂ ಹೇಳಲಾರರು. 2022ರ ಮೇ ತಿಂಗಳಲ್ಲಿ ಬಹಿರಂಗವಾದ ವರದಿಯಲ್ಲಿ ಆಯೋಗ, ಪಿಸ್ತೂಲು ಕಿತ್ತುಕೊಂಡ ಕಥೆ ನಂಬುವಂತಹುದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದಿತು. ಹತ್ತು ಮಂದಿ ಸಿಬ್ಬಂದಿಯನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕೆಂದು ಶಿಫಾರಸು ಮಾಡಿತು. ಆ ಹತ್ತು ಮಂದಿಯಲ್ಲಿ ಸಜ್ಜನರ ಇರಲಿಲ್ಲ. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದೂ ಆಯೋಗ ಹೇಳಿತು. ಮುಂದಿನ ಕ್ರಮಕ್ಕೆಂದು ಸುಪ್ರೀಂ ಕೋರ್ಟ್ ಪ್ರಕರಣವನ್ನು ತೆಲಂಗಾಣ ಹೈಕೋರ್ಟಿಗೆ ಕಳುಹಿಸಿತು. ಆಯೋಗದ ವರದಿ ನ್ಯಾಯಾಲಯದ ತೀರ್ಪಲ್ಲ, ಹೆಸರು ಬಂದವರಿಗೂ ತಮ್ಮ ವಾದ ಮಂಡಿಸುವ ಹಕ್ಕಿದೆ. ಆದರೆ ಹೂವು ಸುರಿದ ದಿನ ನಮಗೆ ಗೊತ್ತಿದೆ ಎಂದುಕೊಂಡಿದ್ದರಲ್ಲಿ ಎಷ್ಟು ಗೊತ್ತಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಆ ಪ್ರಕರಣದಲ್ಲಿ ನನ್ನನ್ನು ಇನ್ನೂ ಹೆಚ್ಚು ಕಾಡುವ ಸಂಗತಿ ಬೇರೆ. ಮಗಳು ಮನೆಗೆ ಬರಲಿಲ್ಲವೆಂದು ಮನೆಯವರು ಆ ರಾತ್ರಿಯೇ ಠಾಣೆಗೆ ಹೋಗಿದ್ದರು. ಇದು ನಮ್ಮ ಸರಹದ್ದಲ್ಲ ಎಂಬ ಉತ್ತರ ಬಂತು, ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆದಾಟವಾಯಿತು. ಆ ವಿಳಂಬಕ್ಕಾಗಿ ಮೂವರು ಪೊಲೀಸರನ್ನು ಅಮಾನತು ಮಾಡಲಾಯಿತು. ಎನ್‌ಕೌಂಟರ್ ಆಗುವ ಮೊದಲಿನ ವಾರವೆಲ್ಲ ಜನ ಕೇಳುತ್ತಿದ್ದ ಪ್ರಶ್ನೆ ಇದೇ: ದೂರು ತಕ್ಷಣ ಏಕೆ ತೆಗೆದುಕೊಳ್ಳಲಿಲ್ಲ, ಟೋಲ್ ಬಳಿ ಗಸ್ತು ಏಕಿರಲಿಲ್ಲ? ಡಿಸೆಂಬರ್ 6ರ ನಂತರ ಆ ಪ್ರಶ್ನೆ ಕೇಳಿಸಲಿಲ್ಲ. ಆರೋಪಿಗಳು ಸತ್ತರು, ಊರು ತಣ್ಣಗಾಯಿತು. ಇದು ನಿಮಗೆ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ಆರೋಪಿಯ ಜೊತೆಗೆ ತನಿಖೆಯೂ ಸಾಯುತ್ತದೆ. ಜೊತೆಗೆ ಯಾರಿದ್ದರು, ಮೊದಲೇ ಯಾರಿಗೆ ತಿಳಿದಿತ್ತು, ಯಾವ ಠಾಣೆ ಬಾಗಿಲು ತೆರೆಯಲಿಲ್ಲ, ಇವನು ಬೇರೆ ಊರಿನಲ್ಲಿ ಇದೇ ಕೃತ್ಯ ಮಾಡಿದ್ದನೇ ಎಂಬುದೆಲ್ಲ ಅವನ ವಿಚಾರಣೆಯಲ್ಲಿ ಹೊರಬರಬೇಕಾಗಿತ್ತು. ಮುಂದಿನ ಮಗುವನ್ನು ಕಾಯುವ ಮಾಹಿತಿ ಆ ಉತ್ತರಗಳಲ್ಲೇ ಇರುತ್ತದೆ.

‘ಇವನೇ ಮಾಡಿದ್ದು ಎಂದು ಎಲ್ಲರಿಗೂ ಗೊತ್ತಿತ್ತಲ್ಲ’ ಎಂದು ನೀವು ಕೇಳಬಹುದು. ಹಲವು ಬಾರಿ ಅದು ನಿಜವೂ ಆಗಿರುತ್ತದೆ. ಆದರೆ 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಏಳು ವರ್ಷದ ಬಾಲಕನ ಕುತ್ತಿಗೆ ಕೊಯ್ದ ಪ್ರಕರಣ ನೆನಪಿಸಿಕೊಳ್ಳಿ. ಅಂದೇ ಶಾಲಾ ಬಸ್ಸಿನ ನಿರ್ವಾಹಕನನ್ನು ಬಂಧಿಸಲಾಯಿತು. ಅವನು ಕ್ಯಾಮೆರಾಗಳ ಮುಂದೆ ತಪ್ಪೊಪ್ಪಿಕೊಂಡ. ದೇಶವೆಲ್ಲ ನೋಡಿತು. ಅಂದು ಅವನನ್ನು ಗುಂಡಿಟ್ಟು ಕೊಂದಿದ್ದರೆ ನಾವೆಲ್ಲರೂ ಕೈಮುಗಿಯುತ್ತಿದ್ದೆವು. ಎರಡು ತಿಂಗಳ ನಂತರ ಸಿಬಿಐ ಅದೇ ಶಾಲೆಯ 11ನೇ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು. ಪರೀಕ್ಷೆ ಮುಂದೆ ಹೋಗಲೆಂದು ಅವನು ಈ ಕೃತ್ಯ ಮಾಡಿದ ಎಂಬುದು ಸಿಬಿಐ ಆರೋಪ. ನಿರ್ವಾಹಕನನ್ನು 2018ರ ಫೆಬ್ರುವರಿಯಲ್ಲಿ ನ್ಯಾಯಾಲಯ ಪ್ರಕರಣದಿಂದ ಕೈಬಿಟ್ಟಿತು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ನಮ್ಮ ಸಾಕ್ಷ್ಯ ಕಾನೂನು ಆರೋಪಿಯ ವಿರುದ್ಧ ಪುರಾವೆಯಾಗಿ ಒಪ್ಪುವುದಿಲ್ಲ. ಬ್ರಿಟಿಷರ ಕಾಲದಿಂದ ಇರುವ ಆ ನಿಯಮ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 23ನೇ ಕಲಮಿನಲ್ಲಿ ಹಾಗೇ ಉಳಿದಿದೆ. ಬಡವನೊಬ್ಬ ಠಾಣೆಯೊಳಗೆ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾನೆ ಎಂಬುದು ನಮ್ಮ ವೃತ್ತಿಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು.

ನಮ್ಮದೇ ರಾಜ್ಯದ ಉದಾಹರಣೆಯೂ ಇದೆ. 2012ರ ಅಕ್ಟೋಬರ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟಿದ್ದ 17 ವರ್ಷದ ಹುಡುಗಿಯ ಅತ್ಯಾಚಾರ ಮತ್ತು ಕೊಲೆಯಾಯಿತು. ಒಬ್ಬನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಲಾಯಿತು. ಸ್ಥಳೀಯ ಪೊಲೀಸರು, ಸಿಐಡಿ, ಕೊನೆಗೆ ಸಿಬಿಐ ತನಿಖೆ ಮಾಡಿದರು. 2023ರ ಜೂನ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವನನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಆ ಹುಡುಗಿಯ ಮನೆಯವರು ‘ಹಾಗಾದರೆ ಯಾರು’ ಎಂದು ಕೇಳುತ್ತಲೇ ಇದ್ದಾರೆ. 2012ರಲ್ಲಿ ಸಿಟ್ಟಿನ ಭರದಲ್ಲಿ ಅವನನ್ನು ಮುಗಿಸಿದ್ದರೆ ಅವರು ಆ ಪ್ರಶ್ನೆಯನ್ನು ಕೇಳುವ ದಾರಿಯೂ ಇರುತ್ತಿರಲಿಲ್ಲ. ಕಡತ ಅಂದೇ ಮುಚ್ಚುತ್ತಿತ್ತು.

ಈಗ ನಿಮ್ಮ ಅತಿ ಬಲವಾದ ವಾದಕ್ಕೆ ಬರುತ್ತೇನೆ. ಕೋರ್ಟಿನಲ್ಲಿ ಹತ್ತು ವರ್ಷ ಎಳೆಯುತ್ತದೆ ಎಂದಿರಿ. ಇದನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಹೈದರಾಬಾದಿನಲ್ಲಿ ಹೂವು ಸುರಿಯುತ್ತಿದ್ದ ಆ ಡಿಸೆಂಬರ್ 6ರ ರಾತ್ರಿಯೇ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಉನ್ನಾವೊ ಜಿಲ್ಲೆಯ ಯುವತಿಯೊಬ್ಬಳು ಸತ್ತಳು. ತನ್ನ ಅತ್ಯಾಚಾರ ಪ್ರಕರಣದ ಕೆಲಸಕ್ಕೆ ರಾಯ್‌ಬರೇಲಿಗೆ ಹೊರಟಿದ್ದವಳಿಗೆ ಹಿಂದಿನ ದಿನ ಬೆಂಕಿ ಹಚ್ಚಲಾಗಿತ್ತು. ಹಚ್ಚಿದವರಲ್ಲಿ ಜಾಮೀನಿನ ಮೇಲೆ ಹೊರಬಂದಿದ್ದ ಆರೋಪಿ ಇದ್ದನೆಂದು ಅವಳೇ ಹೇಳಿಕೆ ಕೊಟ್ಟಿದ್ದಳು. ಇಂತಹ ಸುದ್ದಿ ಓದಿದ ತಾಯಂದಿರಿಗೆ ಕಾನೂನಿನ ಮೇಲೆ ನಂಬಿಕೆ ಇಡಿ ಎಂದು ಬರಿದೇ ಉಪದೇಶ ಮಾಡುವುದು ನಾಚಿಕೆಗೇಡು. ಮುದ್ದತಿನ ಮೇಲೆ ಮುದ್ದತು ಬೀಳುವುದನ್ನು, ವಿಧಿವಿಜ್ಞಾನ ಪ್ರಯೋಗಾಲಯದ ವರದಿಗೆ ತಿಂಗಳುಗಟ್ಟಲೆ ಕಾಯುವುದನ್ನು, ಅಷ್ಟರಲ್ಲಿ ಸಾಕ್ಷಿಗಳು ಹೆದರಿಯೋ ಹಣ ಪಡೆದೋ ತಿರುಗಿಬೀಳುವುದನ್ನು ಕಣ್ಣಾರೆ ಕಂಡಿದ್ದೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಲ್ಲಿ, ವಿಚಾರಣೆ ಮುಗಿದ ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ಶೇ 27–28ರ ಆಸುಪಾಸು. ನಿಮ್ಮ ಸಿಟ್ಟಿಗೆ ಪೂರಾ ಕಾರಣವಿದೆ.

ಆದರೆ ವಿಳಂಬ ಎಲ್ಲಿದೆ ಎಂದು ಸರಿಯಾಗಿ ನೋಡಬೇಕು. 2012ರ ಡಿಸೆಂಬರ್ 16ರ ದೆಹಲಿ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ 2013ರ ಸೆಪ್ಟೆಂಬರ್‌ನಲ್ಲೇ, ಅಂದರೆ ಒಂಬತ್ತು ತಿಂಗಳಲ್ಲಿ ಮರಣದಂಡನೆ ವಿಧಿಸಿತು. ಆ ಗಲ್ಲು 2020ರ ಮಾರ್ಚ್ 20ರವರೆಗೆ ಮುಂದೆ ಹೋದದ್ದು ಮೇಲ್ಮನವಿ, ಪುನರ್‌ಪರಿಶೀಲನೆ, ಕ್ಷಮಾದಾನದ ಅರ್ಜಿಗಳ ಹಂತಗಳಲ್ಲಿ. ಶಿಕ್ಷೆ ಜಾರಿಗೆ ತಡವಾಯಿತೇ ಹೊರತು ಅವರು ಹೊರಗೆ ತಿರುಗಾಡಿಕೊಂಡಿರಲಿಲ್ಲ.

ಕೇರಳದ ಆಲುವಾದ ಪ್ರಕರಣ ಹುಬ್ಬಳ್ಳಿಯದಕ್ಕೆ ಎಷ್ಟು ಹತ್ತಿರವೆಂದರೆ ಅದನ್ನು ನಿಮ್ಮ ಸಿಬ್ಬಂದಿ ಕೊಠಡಿಯಲ್ಲಿ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. 2023ರ ಜುಲೈ 28ರಂದು ಅಲ್ಲಿ ಐದು ವರ್ಷದ ಹೆಣ್ಣುಮಗುವನ್ನು ಕರೆದೊಯ್ದು, ಅತ್ಯಾಚಾರ ಮಾಡಿ ಕೊಲ್ಲಲಾಯಿತು. ಇಲ್ಲೂ ಆರೋಪಿ ಹೊರರಾಜ್ಯದವನು, ಬಿಹಾರದ ವಲಸೆ ಕಾರ್ಮಿಕ. ಜನರ ಆಕ್ರೋಶ ಹುಬ್ಬಳ್ಳಿಯಷ್ಟೇ ಇತ್ತು. ಕೇರಳ ಪೊಲೀಸರು ಅವನನ್ನು ಜೀವಂತವಾಗಿ ಕಾಪಾಡಿ, ತಿಂಗಳು ಕಳೆದು ಕೆಲವೇ ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಿದರು. ನವೆಂಬರ್ 4ರಂದು ಅವನು ದೋಷಿ ಎಂದು ಎರ್ನಾಕುಳಂನ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆ ಕಾಯ್ದೆ) ನ್ಯಾಯಾಲಯ ಹೇಳಿತು. ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದು, ಮರಣದಂಡನೆ ವಿಧಿಸಿತು. ನಾಲ್ಕು ತಿಂಗಳೂ ಆಗಿರಲಿಲ್ಲ. ಮರಣದಂಡನೆ ಇರಬೇಕೇ ಬೇಡವೇ ಎಂಬುದು ಬೇರೆ ಚರ್ಚೆ, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ನಾನು ಹೇಳುತ್ತಿರುವುದು ಆ ತನಿಖೆಯಿಂದ ಹೊರಬಂದದ್ದರ ಬಗ್ಗೆ. ಅವನು 2018ರಲ್ಲೇ ದೆಹಲಿಯಲ್ಲಿ ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ಪ್ರಕರಣದಲ್ಲಿ ಬಂಧಿತನಾಗಿದ್ದ, ಜಾಮೀನಿನ ಮೇಲೆ ಹೊರಬಂದು ಕಾಣೆಯಾಗಿದ್ದ. ದೆಹಲಿಯಲ್ಲಿ ತಪ್ಪಿಸಿಕೊಂಡವನು ಕೇರಳದಲ್ಲಿ ಯಾರ ಗಮನಕ್ಕೂ ಬಾರದೆ ಹೇಗೆ ಬದುಕಿದ ಎಂಬ ಪ್ರಶ್ನೆ ಆಗ ಎಲ್ಲರ ಮುಂದೆ ಬಂತು. ಬರಬೇಕಾದದ್ದು ಅದೇ ಪ್ರಶ್ನೆ. ಪೋಕ್ಸೊ ಕಾಯ್ದೆಯ 35ನೇ ಕಲಂ ವಿಚಾರಣೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಸಬೇಕೆನ್ನುತ್ತದೆ. ಆಲುವಾದಲ್ಲಿ ಆದದ್ದು ನಮ್ಮಲ್ಲಿ ಏಕೆ ಆಗುವುದಿಲ್ಲ ಎಂದು ನಿಮ್ಮ ಶಾಸಕರನ್ನು ಕೇಳಿ. ಆ ಸಿಟ್ಟು ಅಲ್ಲಿಗೆ ಹೋಗಬೇಕು.

ಹೊರರಾಜ್ಯದವರ ಮಾತನ್ನೂ ಎತ್ತಿದ್ದೀರಿ. ಆಲುವಾದ ಆ ಮಗುವೂ ಬಿಹಾರದಿಂದ ದುಡಿಯಲು ಬಂದ ದಂಪತಿಯ ಮಗಳು. ಕೇರಳದ ಪಾಲಿಗೆ ಕೊಂದವನೂ ಹೊರಗಿನವನು, ಸತ್ತ ಕಂದಮ್ಮನೂ ಹೊರಗಿನವಳು. ಹುಬ್ಬಳ್ಳಿಯ ಮಗುವಿನ ಮನೆಯವರೂ ದುಡಿಮೆಗಾಗಿ ಕೊಪ್ಪಳದ ಕಡೆಯಿಂದ ಬಂದವರೆಂದು ವರದಿಗಳು ಹೇಳಿದವು. ಇಂತಹ ಅಪರಾಧಕ್ಕೆ ಸುಲಭವಾಗಿ ಬಲಿಯಾಗುವುದು ತಾಯಿ ತಂದೆ ಕೂಲಿಗೆ ಹೋದಾಗ ಮನೆಯ ಮುಂದೆ ಒಂಟಿಯಾಗಿ ಆಡುವ ಮಕ್ಕಳು. ಅವರಿಗೆ ಬೇಕಾಗಿರುವುದು ಅಂಗನವಾಡಿ, ಕೆಲಸದ ಸ್ಥಳದಲ್ಲಿ ಶಿಶುಪಾಲನಾ ಕೇಂದ್ರ, ಓಣಿಯಲ್ಲಿ ಕಣ್ಣಿಡುವ ಹಿರಿಯರು. ಇನ್ನು ಅಪರಿಚಿತರೇ ಅಪಾಯ ಎಂಬ ನಂಬಿಕೆಯನ್ನು ಶಿಕ್ಷಕಿಯಾದ ನೀವು ಇಂದೇ ಬಿಡಬೇಕು. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಗುರುತಿನವನು: ಸಂಬಂಧಿ, ನೆರೆಯವ, ಮನೆಪಾಠ ಹೇಳುವವ, ಮದುವೆಯಾಗುತ್ತೇನೆ ಎಂದವ. ಎನ್‌ಕೌಂಟರ್ ಭಯದಿಂದ ಅಪರಾಧ ನಿಲ್ಲುತ್ತದೆ ಎನ್ನುವವರು ಇದನ್ನು ಯೋಚಿಸಿರುವುದಿಲ್ಲ. ಸೋದರಮಾವನ ಮೇಲೆ, ಊರಿನ ಪ್ರತಿಷ್ಠಿತರ ಮಗನ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ. ಗುಂಡು ಬೀಳುವುದು ವಕೀಲರಿಲ್ಲದವನ ಮೇಲೆ, ಹೆಣ ಕೇಳಲು ಯಾರೂ ಬಾರದವನ ಮೇಲೆ. ಮನೆಯವನನ್ನೇ ಕೊಂದುಬಿಡುತ್ತಾರೆ ಎಂಬ ಹೆದರಿಕೆ ಹುಟ್ಟಿದರೆ ತಾಯಂದಿರು, ಅಜ್ಜಿಯರು ಮಗುವಿನ ಬಾಯಿಯನ್ನೇ ಮುಚ್ಚಿಸುತ್ತಾರೆ. ನನ್ನ ಮೇಜಿನ ಎದುರು ಕುಳಿತು ‘ಅವನು ಜೈಲಿಗೆ ಹೋದರೆ ಮನೆ ನಡೆಯುವುದು ಹೇಗೆ’ ಎಂದು ಅತ್ತ ಹೆಂಗಸರನ್ನು ಕಂಡೇ ಈ ಮಾತು ಹೇಳುತ್ತಿದ್ದೇನೆ.

ಆ ತಾಯಿಗೆ ನ್ಯಾಯ ಸಿಕ್ಕಿತೇ? ಅವರ ಪರವಾಗಿ ಮಾತನಾಡುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ಮಗುವನ್ನು ಕಳೆದುಕೊಂಡ ಬೇರೆ ತಾಯಂದಿರ ಜೊತೆ ಕುಳಿತ ಅನುಭವದಿಂದ ಇಷ್ಟು ಹೇಳಬಲ್ಲೆ. ಮೊದಲ ದಿನಗಳಲ್ಲಿ ಬಹುತೇಕ ಎಲ್ಲರೂ ಅವನ ಸಾವನ್ನೇ ಕೇಳುತ್ತಾರೆ. ತಿಂಗಳುಗಳು ಕಳೆದಂತೆ ಪ್ರಶ್ನೆ ಬದಲಾಗುತ್ತದೆ. ನನ್ನ ಮಗಳು ಕೂಗಿಕೊಂಡಳೇ, ಯಾರಿಗೂ ಕೇಳಿಸಲಿಲ್ಲವೇ, ಎಷ್ಟು ಹೊತ್ತಿಗೆ ಜೀವ ಹೋಯಿತು, ನಾನು ಐದು ನಿಮಿಷ ಮೊದಲು ಹೊರಗೆ ಬಂದಿದ್ದರೆ ಸಿಗುತ್ತಿದ್ದಳೇ? ಒಬ್ಬ ತಾಯಿ ಸಾಕ್ಷಿಗಳ ಪಾಟೀಸವಾಲು ನಡೆಯುವ ಪ್ರತಿದಿನವೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಏಕಮ್ಮಾ ಇಷ್ಟು ಕಷ್ಟಪಡುತ್ತೀರಿ ಎಂದರೆ ‘ಗೊತ್ತಾಗಬೇಕಲ್ಲಾ’ ಎಂದರು. ಅವರಿಗೆ ಬೇಕಾದ ಉತ್ತರಗಳಲ್ಲಿ ಕೆಲವು ಮಹಜರಿನಲ್ಲಿದ್ದವು, ಕೆಲವು ವೈದ್ಯರ ಸಾಕ್ಷ್ಯದಲ್ಲಿದ್ದವು. ಎಲ್ಲವೂ ಸಿಗಲಿಲ್ಲ. ಸಿಕ್ಕಷ್ಟನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ಎನ್‌ಕೌಂಟರ್ ಆದ ಪ್ರಕರಣದಲ್ಲಿ ಇಂತಹ ತಾಯಿಗೆ ಕೂರಲು ಆ ಬೆಂಚೇ ಇರುವುದಿಲ್ಲ.

ಈಗ ಫೋಟೊ. ಇದರಲ್ಲಿ ಮಾತ್ರ ನಿಮ್ಮನ್ನು ಬಿಡುವುದಿಲ್ಲ. ಲೈಂಗಿಕ ಅಪರಾಧಕ್ಕೆ ಬಲಿಯಾದ ಮಗುವಿನ ಹೆಸರು, ಚಿತ್ರ, ಮನೆ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಹೊರಗೆಡಹಬಾರದು ಎಂದು ಪೋಕ್ಸೊ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಸಂತ್ರಸ್ತೆಯ ಗುರುತು ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಸತ್ತ ಮೇಲೆ ಅಡ್ಡಿಯಿಲ್ಲ ಎಂಬುದು ಸುಳ್ಳು ನಂಬಿಕೆ. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ಸತ್ತವರಿಗೂ ಘನತೆ ಇದೆ, ಅವರ ಗುರುತನ್ನೂ ಹೊರಹಾಕಬಾರದು ಎಂದು ಸ್ಪಷ್ಟಪಡಿಸಿತು. ಸ್ಟೇಟಸ್ ಹಾಕಿದ ಎಲ್ಲರ ಮೇಲೂ ಪ್ರಕರಣ ದಾಖಲಾಗುವುದಿಲ್ಲ ಎಂಬುದು ನಿಜ, ಹಾಗೆಂದು ಮಾಡಿದ್ದು ಸರಿಯಾಗುವುದಿಲ್ಲ. ಆ ಮಗುವಿಗೆ ಅಕ್ಕ ತಮ್ಮ ಇರಬಹುದು, ನಾಳೆ ಅವರು ಶಾಲೆಗೆ ಹೋಗಬೇಕು. ಸ್ಟೇಟಸ್ 24 ಗಂಟೆಯಲ್ಲಿ ತಾನಾಗಿಯೇ ಹೋಗಿರುತ್ತದೆ, ಆದರೆ ಫೋಟೊ ನಿಮ್ಮ ಫೋನಿನಲ್ಲಿ, ನೀವು ಕಳುಹಿಸಿದ ಗುಂಪುಗಳಲ್ಲಿ ಇದ್ದರೆ ಅಳಿಸಿ. ಗುಂಪಿನವರಿಗೂ ಅಳಿಸಲು ಹೇಳಿ. ಕೆಲವರು ‘ಇಷ್ಟು ದಿನ ನೀವೇ ಹಾಕಿದ್ದಿರಲ್ಲ’ ಎಂದು ಚುಚ್ಚುತ್ತಾರೆ. ಆರೋಪಿಯ ಪರ ಎಂದೂ ಹೇಳಬಹುದು. ಸಹಿಸಿಕೊಳ್ಳಿ, ಆ ಮಾತಿನ ಆಯಸ್ಸು ಎರಡು ದಿನ.

ಇನ್ನು ನಿಮ್ಮ ಮಗಳು. ಅವಳು ಓದುತ್ತಿರುವ ವಿದ್ಯೆ ಅವಳಲ್ಲಿ ಇಳಿಯುತ್ತಿದೆ ಎಂಬುದು ನನಗೆ ಸಂತೋಷ. ಆದರೂ ಅವಳ ಮಾತಿನಲ್ಲಿ ಒಂದು ತೊಡಕಿದೆ, ಅದನ್ನು ಅವಳಿಗೆ ತೋರಿಸಿ. ಹುಬ್ಬಳ್ಳಿಯಲ್ಲಿ ಆದದ್ದು ಕೊಲೆ ಎಂದು ಅವಳು ಯಾವ ವಿಚಾರಣೆಯ ಆಧಾರದ ಮೇಲೆ ಹೇಳಿದಳು? ಆರೋಪಿಯನ್ನು ವಿಚಾರಣೆಗೆ ಮೊದಲು ಅಪರಾಧಿ ಎನ್ನಬಾರದು ಎಂಬ ನಿಯಮ ಗುಂಡು ಹಾರಿಸಿದ ಪಿಎಸ್‌ಐಗೂ ಅನ್ವಯಿಸುತ್ತದೆ. ಅವರು ನಿಜಕ್ಕೂ ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಿದ್ದರೆ ಅವರನ್ನು ಕೊಲೆಗಾರ್ತಿ ಎನ್ನುವುದು ಅನ್ಯಾಯ, ಹಾಗಲ್ಲದಿದ್ದರೆ ವೀರವನಿತೆ ಎನ್ನುವುದು ಅನ್ಯಾಯ. ನೀವಿಬ್ಬರೂ ಒಂದೇ ದಿನ, ಒಂದೇ ಸುದ್ದಿಯ ಮೇಲೆ, ತನಿಖೆ ಶುರುವಾಗುವ ಮೊದಲೇ ಎರಡು ತೀರ್ಪು ಕೊಟ್ಟಿದ್ದೀರಿ. ಈ ಮಾತನ್ನು ಅವಳ ಮುಂದಿಟ್ಟರೆ ಅವಳಿಗೆ ಸಿಟ್ಟು ಬರಬಹುದು, ಆದರೆ ಮಾತುಕತೆಗೆ ದಾರಿ ಆಗುತ್ತದೆ. ಸುಮ್ಮನಿದ್ದು ಕಾಲವೇ ಸರಿಮಾಡಲಿ ಎಂದು ಬಿಡುವುದೂ ಒಂದು ದಾರಿಯೇ. ಅದರ ಅಪಾಯವೆಂದರೆ ಮುಂದಿನ ಸುದ್ದಿ ಬಂದಾಗ ಇದೇ ಜಗಳ ಹಳೆಯ ಬಡ್ಡಿಯೊಂದಿಗೆ ಎದ್ದು ನಿಲ್ಲುತ್ತದೆ. ನೀನು ಹೇಳಿದ್ದೇ ಸರಿ ಎಂದು ಮನಸ್ಸಿಲ್ಲದೆ ಒಪ್ಪಿಕೊಂಡು ಶಾಂತಿ ಕೊಳ್ಳುವುದನ್ನಂತೂ ಮಾಡಬೇಡಿ. ಅಂದು ಏಕೆ ಅತ್ತಿರಿ ಎಂಬುದನ್ನು ನನಗೆ ಬರೆದಷ್ಟೇ ಬಿಚ್ಚಿ ಅವಳಿಗೂ ಹೇಳಿ. ನಾಳೆ ನ್ಯಾಯಾಲಯದಲ್ಲಿ ನೊಂದ ತಾಯಂದಿರ ಎದುರು ಕೂರಬೇಕಾದ ಹುಡುಗಿ ಅವಳು. ತಾಯಿಯ ಸಿಟ್ಟನ್ನು ಕೇಳಿಸಿಕೊಳ್ಳುವುದನ್ನು ಅವಳು ಮನೆಯಲ್ಲೇ ಕಲಿಯಲಿ.

ತರಗತಿಯ ಹುಡುಗಿಯರಿಗೆ ಏನು ಹೇಳುವುದೆಂದು ಕೇಳಿದಿರಿ. ಹಾಗೇ ಮಾಡಬೇಕಲ್ಲವೇ ಎಂದು ಕೇಳುವ ಹುಡುಗಿಯನ್ನು ಗದರಬೇಡಿ. ಕೆಲವೊಮ್ಮೆ ಆ ಪ್ರಶ್ನೆಯ ಹಿಂದೆ ಅವಳದೇ ಒಂದು ಸಂಗತಿ ಇರುತ್ತದೆ, ನಿಮ್ಮ ಮುಖ ನೋಡಿ ಹೇಳಬೇಕೋ ಬೇಡವೋ ಎಂದು ತೂಗುತ್ತಿರುತ್ತಾಳೆ. ಗುರುಗ್ರಾಮದ ಬಸ್ ನಿರ್ವಾಹಕನ ಕಥೆ ಹೇಳಿ, ಆಲುವಾದ್ದನ್ನೂ ಹೇಳಿ, ಅವರೇ ಚರ್ಚಿಸಲಿ. ಜೊತೆಗೆ ಇಷ್ಟನ್ನು ಖಚಿತವಾಗಿ ತಿಳಿಸಿ: ಯಾರಾದರೂ ಮುಟ್ಟಬಾರದಂತೆ ಮುಟ್ಟಿದರೆ, ಅವನು ಎಷ್ಟೇ ಹತ್ತಿರದವನಾಗಿದ್ದರೂ, ನಿಮ್ಮಲ್ಲಿ ಹೇಳಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಹಣ ಬೇಕಿಲ್ಲ. ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. ನಮ್ಮ ಸರಹದ್ದಲ್ಲ ಎಂದು ಹಿಂದೆ ಕಳುಹಿಸುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನು ಸ್ಪಷ್ಟವಾಗಿ ಬರೆದಿದೆ. ಹೈದರಾಬಾದಿನ ಆ ಮನೆಯವರಿಗೆ ಅಂದು ರಾತ್ರಿ ಬೇಕಾಗಿದ್ದದ್ದು ಇದೇ.

ನಿಮಗೂ ಒಂದು ಕರ್ತವ್ಯವಿದೆ, ಬಹಳ ಶಿಕ್ಷಕರಿಗೆ ಅದು ತಿಳಿದಿರುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ವರದಿ ಮಾಡುವುದು ಪೋಕ್ಸೊ 19ನೇ ಕಲಮಿನ ಪ್ರಕಾರ ಕಡ್ಡಾಯ. ಮಾಡದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಶಾಲೆಯ ಹೆಸರು ಕೆಡುತ್ತದೆ, ನಾವೇ ಮಾತನಾಡಿ ಮುಗಿಸೋಣ ಎಂದು ಹಿರಿಯರು ಒತ್ತಡ ಹಾಕುತ್ತಾರೆ. ಆಗ ದಿನಾಂಕ ಸಹಿತ ಬರೆದಿಟ್ಟುಕೊಳ್ಳಿ. ಮಗುವನ್ನು ಪದೇ ಪದೇ ಪ್ರಶ್ನಿಸಬೇಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಿ. ಮನೆಯವರಿಗೆ ವಕೀಲರ ನೆರವು ಮತ್ತು ಪರಿಹಾರಧನ ಬೇಕಿದ್ದರೆ ಹಾವೇರಿಯ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಅರ್ಜಿ ಹಾಕಬಹುದು. ಶಾಲೆ ಶುರುವಾದ ಮೊದಲ ವಾರದಲ್ಲೇ ಮುಖ್ಯ ಶಿಕ್ಷಕರ ಬಳಿ ಕೂತು, ಇಂತಹ ದೂರು ಬಂದರೆ ಯಾರು ಬರೆದುಕೊಳ್ಳಬೇಕು, ಯಾವ ಠಾಣೆಗೆ ಯಾರು ಹೋಗಬೇಕು ಎಂಬುದನ್ನು ಲಿಖಿತವಾಗಿ ತೀರ್ಮಾನಿಸಿಕೊಳ್ಳಿ.